ಬಾಕಿ ಉಳಿದ ಮನೆಗೆಲಸ: ಮೊದಲು ಎಲ್ಲಿಗೆ ಕೈ ಹಾಕಬೇಕು?

ಮನೆಗೆಲಸದಲ್ಲಿ ಎರಡು ಬಗೆಯಿದೆ. ಅಡುಗೆ ಮಾಡುವುದು, ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು, ಗುಡಿಸುವುದು ಮೊದಲ ಬಗೆಯವು. ಇವನ್ನು ಒಂದು ದಿನ ಬಿಟ್ಟರೂ ಮನೆಮಂದಿಗೆಲ್ಲ ಗೊತ್ತಾಗುತ್ತದೆ. ಇನ್ನೊಂದು ಬಗೆಯ ಕೆಲಸಗಳನ್ನು ಆರು ತಿಂಗಳು ಮಾಡದಿದ್ದರೂ ಯಾರೂ ಕೇಳುವುದಿಲ್ಲ. ಫ್ರಿಜ್ಜಿನ ಹಿಂಬದಿಯ ತಟ್ಟೆ, ನೀರಿನ ಟ್ಯಾಂಕ್, ಔಷಧಿಯ ಡಬ್ಬ, ಗ್ಯಾಸ್ ಪೈಪು, ಮಂಚದಡಿಯ ಪೆಟ್ಟಿಗೆಗಳು, ಅಟ್ಟದ ಮೇಲಿನ ಗಂಟುಗಳು ಈ ಸಾಲಿಗೆ ಸೇರುತ್ತವೆ. ‘ಮಕ್ಕಳ ಪರೀಕ್ಷೆ ಮುಗಿಯಲಿ’, ‘ಮಳೆ ನಿಲ್ಲಲಿ’, ‘ಹೇಗೂ ರಮಝಾನ್‌ಗೆ ಮುಂಚೆ ಇಡೀ ಮನೆ ತೊಳೆಯುತ್ತೇವಲ್ಲ’ ಎನ್ನುತ್ತಾ ಇವು ಮುಂದಕ್ಕೆ ಹೋಗುತ್ತಲೇ ಇರುತ್ತವೆ.

ಕಾಯಿಲೆ ಮತ್ತು ಅಪಘಾತಗಳು ಹೆಚ್ಚಾಗಿ ಹುಟ್ಟುವುದು ಈ ಎರಡನೆಯ ಬಗೆಯ ಕೆಲಸಗಳಲ್ಲೇ. ಹಾಲ್ ಥಳಥಳ ಹೊಳೆಯುತ್ತಿದ್ದರೂ ಟೆರೇಸಿನ ಮೂಲೆಯ ಹಳೆಯ ಬಕೆಟಿನಲ್ಲಿ ಡೆಂಗಿ ಸೊಳ್ಳೆ ಮೊಟ್ಟೆಯಿಟ್ಟಿರಬಹುದು. ಶೋಕೇಸಿನಲ್ಲಿ ಒಂದು ಕಣ ಧೂಳಿಲ್ಲದಿದ್ದರೂ ದಿಂಬಿನೊಳಗಿನ ಧೂಳು ಮಗುವಿಗೆ ರಾತ್ರಿಯಿಡೀ ಕೆಮ್ಮು ತರಿಸುತ್ತಿರಬಹುದು. ಆದ್ದರಿಂದ ಬಾಕಿ ಕೆಲಸ ರಾಶಿ ಬಿದ್ದಾಗ ಕಣ್ಣಿಗೆ ಕಾಣುವುದನ್ನಲ್ಲ, ಅಪಾಯ ಇರುವುದನ್ನು ಮೊದಲು ಮುಗಿಸಬೇಕು.

ಕೆಲಸ ಬಾಕಿಯಾಗುವುದೇಕೆ?

ಮನೆ ಅಸ್ತವ್ಯಸ್ತವಾಗಿದ್ದರೆ ಅದನ್ನು ಮನೆಯಾಕೆಯ ಸೋಮಾರಿತನ ಎಂದು ಹೇಳಿಬಿಡುವುದು ಸುಲಭ. ಅಂಕಿ ಅಂಶಗಳು ಬೇರೆಯೇ ಹೇಳುತ್ತವೆ. ಕೇಂದ್ರ ಸರಕಾರದ ಅಂಕಿಅಂಶ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸುತ್ತಾರೆ. ಪುರುಷರಲ್ಲಿ ಮನೆಗೆಲಸ ಮಾಡುವವರು ಸುಮಾರು ನಾಲ್ಕನೇ ಒಂದು ಭಾಗ ಮಾತ್ರ, ಅವರು ವ್ಯಯಿಸುವುದು 97 ನಿಮಿಷ. ಐದು ಗಂಟೆ ದುಡಿದ ಮೇಲೂ ಅಟ್ಟ ಹತ್ತಲು ಆಕೆಗೆ ಶಕ್ತಿ ಉಳಿಯದಿದ್ದರೆ ಅದರಲ್ಲಿ ಆಶ್ಚರ್ಯವೇನಿದೆ?

ಎರಡನೆಯ ಕಾರಣ, ತೀರ್ಮಾನ ಮಾಡಲಾಗದಿರುವುದು. ‘ಮುಂದೆ ಬೇಕಾದೀತು’ ಎಂಬ ಒಂದು ಮಾತಿಗೆ ಮನೆಯ ಅರ್ಧ ಜಾಗ ಹೋಗುತ್ತದೆ. ಗಲ್ಫ್‌ನಿಂದ ಬಂದ ಸಾಮಾನಿನ ರಟ್ಟಿನ ಪೆಟ್ಟಿಗೆ, ಮದುವೆಗೆ ಉಡುಗೊರೆಯಾಗಿ ಬಂದು ಇನ್ನೂ ತೆರೆಯದ ಡಿನ್ನರ್ ಸೆಟ್, ಮಕ್ಕಳ ಚಿಕ್ಕದಾದ ಬಟ್ಟೆ, ಕೆಟ್ಟ ಮಿಕ್ಸಿ, ಹಳೆಯ ಮೊಬೈಲ್, ಐಸ್‌ಕ್ರೀಂ ಡಬ್ಬಗಳು ಹೀಗೇ ಒಂದರ ಮೇಲೊಂದು ಕೂರುತ್ತವೆ. ವಸ್ತುಗಳು ಹೆಚ್ಚಿದಷ್ಟೂ ಗುಡಿಸುವುದು ಕಷ್ಟ. ಗುಡಿಸುವುದು ಕಷ್ಟವಾದಷ್ಟೂ ಕೆಲಸ ಬಾಕಿ.

ಮೂರನೆಯದು, ‘ಒಂದೇ ದಿನದಲ್ಲಿ ಎಲ್ಲ ಮುಗಿಸಿಬಿಡುತ್ತೇನೆ’ ಎಂಬ ಹಟ. ಬೆಳಿಗ್ಗೆ ಎಲ್ಲ ಕಪಾಟುಗಳನ್ನೂ ಖಾಲಿ ಮಾಡಿ, ಮಧ್ಯಾಹ್ನದ ಹೊತ್ತಿಗೆ ದಣಿದು, ಸಂಜೆ ಎಲ್ಲವನ್ನೂ ಮತ್ತೆ ಒಳಗೆ ತುರುಕುವುದು ಹಲವು ಮನೆಗಳ ಅನುಭವ. ಒಂದು ಸಲಕ್ಕೆ ಒಂದು ಜಾಗ, ಅರ್ಧ ಗಂಟೆ. ಅದಕ್ಕಿಂತ ಹೆಚ್ಚು ಬೇಡ.

ನಿಂತ ನೀರು: ವಾರಕ್ಕೊಮ್ಮೆ, ತಪ್ಪದೆ

ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕೊಳಚೆ ಚರಂಡಿಯೇ ಬೇಕೆಂದಿಲ್ಲ. ಮನೆಯ ಸುತ್ತಮುತ್ತ ನಿಂತ ಸ್ವಚ್ಛ ನೀರೇ ಅದಕ್ಕೆ ಇಷ್ಟ, ತೆಂಗಿನ ಗೆರಟೆಯಲ್ಲಿ ನಿಂತಷ್ಟು ನೀರಿದ್ದರೂ ಸಾಕು. ಮೊಟ್ಟೆಯೊಂದು ಹಾರುವ ಸೊಳ್ಳೆಯಾಗಲು ಸಾಮಾನ್ಯವಾಗಿ ಒಂದು ವಾರದಿಂದ ಹತ್ತು ದಿನ ಬೇಕು. ವಾರಕ್ಕೊಮ್ಮೆ ನೀರು ಚೆಲ್ಲಬೇಕೆನ್ನುವುದು ಇದೇ ಕಾರಣಕ್ಕೆ.

ಬರೀ ಚೆಲ್ಲಿದರೆ ಸಾಲದು ಎಂಬುದು ಹಲವರಿಗೆ ತಿಳಿದಿಲ್ಲ. ಈ ಸೊಳ್ಳೆ ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಪಾತ್ರೆಯ ಒಳಗೋಡೆಗೆ ಮೊಟ್ಟೆಗಳನ್ನು ಅಂಟಿಸುತ್ತದೆ. ನೀರಿಲ್ಲದೆ ಒಣಗಿದರೂ ಅವು ತಿಂಗಳುಗಟ್ಟಲೆ ಬದುಕುತ್ತವೆ, ಮತ್ತೆ ನೀರು ತುಂಬಿದಾಗ ಒಡೆಯುತ್ತವೆ. ಹಾಗಾಗಿ ಬಕೆಟ್, ಡ್ರಮ್ಮು, ಹೂಕುಂಡದ ತಟ್ಟೆಗಳ ಒಳಬದಿಯನ್ನು ಬ್ರಷ್ ಅಥವಾ ತೆಂಗಿನ ನಾರಿನಿಂದ ಉಜ್ಜಿ ತೊಳೆದು ಒಣಗಿಸಬೇಕು.

ಮನೆಯೊಳಗೆ ನೋಡಬೇಕಾದ ಜಾಗಗಳು: ಫ್ರಿಜ್ಜಿನ ಹಿಂದೆ ನೀರು ಇಳಿಯುವ ತಟ್ಟೆ, ಏರ್‌ಕೂಲರ್, ಎಸಿಯ ನೀರು ಬೀಳುವ ಬಕೆಟ್, ವುಝೂಗೆಂದು ತುಂಬಿಸಿಟ್ಟ ಹಂಡೆ ಅಥವಾ ಡ್ರಮ್, ಬಳಸದ ಕೋಣೆಯ ಕಮೋಡ್. ಹೊರಗೆ: ಹಳೆಯ ಟಯರ್, ಸೀಯಾಳದ ಚಿಪ್ಪು, ಮಳೆಗಾಲದಲ್ಲಿ ಹೊದಿಸಿದ ಟಾರ್ಪಾಲಿನ ಗುಂಡಿಗಳು, ಎಲೆ ಕಟ್ಟಿಕೊಂಡ ಮಾಡಿನ ದಂಬೆ, ಮುಚ್ಚಳ ಸರಿಯಾಗಿ ಕೂರದ ಟ್ಯಾಂಕ್. ಈ ಕೆಲಸಕ್ಕೆ ವಾರದ ಒಂದು ದಿನವನ್ನು ನಿಗದಿ ಮಾಡಿಕೊಳ್ಳಿ. ಜುಮಾಗೆ ಸಿದ್ಧರಾಗುವ ಮೊದಲು ಶುಕ್ರವಾರ ಬೆಳಿಗ್ಗೆ ಹದಿನೈದು ನಿಮಿಷ ಎಂದಿಟ್ಟುಕೊಂಡರೆ ಮಕ್ಕಳಿಗೂ ನೆನಪಿರುತ್ತದೆ.

ರಾಜ್ಯ ಸರಕಾರವು 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಡುವ ಮನೆಗಳಿಗೆ ನಗರದಲ್ಲಿ 400 ರೂ., ಗ್ರಾಮೀಣ ಪ್ರದೇಶದಲ್ಲಿ 200 ರೂ. ದಂಡವನ್ನೂ ಗೊತ್ತುಪಡಿಸಿತು. ಆದರೆ ದಂಡಕ್ಕಿಂತ ಆಸ್ಪತ್ರೆಯ ಖರ್ಚು ದೊಡ್ಡದು. ಜ್ವರದಲ್ಲಿ ನರಳುವ ಮಗುವಿನ ಸಂಕಟ ಅದಕ್ಕಿಂತಲೂ ದೊಡ್ಡದು.

ಟ್ಯಾಂಕ್ ಮತ್ತು ಸಂಪನ್ನು ಆರು ತಿಂಗಳಿಗೊಮ್ಮೆ ತೊಳೆಸಿ. ಆದರೆ ಮುಚ್ಚಿದ ಸಂಪಿನೊಳಗೆ ಒಬ್ಬರೇ ಇಳಿಯಬೇಡಿ, ಮಕ್ಕಳನ್ನಂತೂ ಇಳಿಸಲೇಬೇಡಿ. ಬಹುಕಾಲ ಮುಚ್ಚಿದ್ದ ಸಂಪಿನಲ್ಲಿ ಆಮ್ಲಜನಕ ಕಡಿಮೆಯಿದ್ದು ಉಸಿರುಕಟ್ಟಬಹುದು.

ಅಡುಗೆಮನೆ: ಗ್ಯಾಸ್ ಪೈಪಿನಿಂದ ಫ್ರೀಝರ್‌ವರೆಗೆ

ಸಿಲಿಂಡರಿಗೆ ಜೋಡಿಸಿದ ರಬ್ಬರ್ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಅವಧಿ ಪೈಪಿನ ಮೇಲೆಯೇ ಮುದ್ರಿತವಾಗಿರುತ್ತದೆ. ಬಿರುಕು ಬಿಟ್ಟಿದ್ದರೆ ಅಥವಾ ಇಲಿ ಕಡಿದ ಗುರುತಿದ್ದರೆ ಅಷ್ಟು ದಿನವೂ ಕಾಯಬಾರದು. ಸೋರಿಕೆಯ ಅನುಮಾನವಿದ್ದರೆ ಸೋಪು ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ಬೆಂಕಿಕಡ್ಡಿ ಗೀರಿ ಪರೀಕ್ಷಿಸುವುದು ಪ್ರಾಣಕ್ಕೇ ಅಪಾಯ. ವಾಸನೆ ಬಂದರೆ ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆಯಿರಿ, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಬನ್ನಿ. ಅಡುಗೆ ಅನಿಲದ ತುರ್ತು ಸಹಾಯವಾಣಿ 1906.

ಬಕ್ರೀದ್ ಬಳಿಕ ಹಲವು ಮನೆಗಳ ಫ್ರೀಝರ್ ತುಂಬಿ ತುಳುಕುತ್ತದೆ. ಯಾವ ಪೊಟ್ಟಣ ಯಾವಾಗಿನದೆಂದು ಒಂದು ತಿಂಗಳ ಬಳಿಕ ಯಾರಿಗೂ ನೆನಪಿರುವುದಿಲ್ಲ. ಒಂದು ಹೊತ್ತಿಗೆ ಬೇಕಾಗುವಷ್ಟನ್ನೇ ಒಂದೊಂದು ಪೊಟ್ಟಣ ಮಾಡಿ, ದಿನಾಂಕ ಬರೆದಿಡಿ. ಹಳೆಯದನ್ನು ಮುಂದೆ, ಹೊಸದನ್ನು ಹಿಂದೆ ಇಡಿ. ಕೈಮಾವನ್ನು ಮೂರು ನಾಲ್ಕು ತಿಂಗಳೊಳಗೆ ಬಳಸಿ ಮುಗಿಸುವುದು ಒಳ್ಳೆಯದು. ಗಟ್ಟಿಯಾದ ಮಾಂಸವನ್ನು ರಾತ್ರಿಯಿಡೀ ಕಟ್ಟೆಯ ಮೇಲಿಡದೆ, ಫ್ರಿಜ್ಜಿನ ಕೆಳಗಿನ ತಟ್ಟಿನಲ್ಲಿ ಪಾತ್ರೆಯೊಳಗಿಟ್ಟು ಕರಗಿಸಿ. ಹಾಗಿಟ್ಟರೆ ರಕ್ತದ ನೀರು ಇತರ ಆಹಾರದ ಮೇಲೆ ಬೀಳುವುದಿಲ್ಲ. ಮಳೆಗಾಲದಲ್ಲಿ ದೀರ್ಘಕಾಲ ಕರೆಂಟ್ ಹೋದರೆ ಬಾಗಿಲು ತೆರೆಯಬೇಡಿ. ತುಂಬಿದ ಫ್ರೀಝರ್ ಮುಚ್ಚಿದ್ದರೆ ಸುಮಾರು ಎರಡು ದಿನ ತಂಪು ಹಿಡಿದಿಡುತ್ತದೆ, ಕೆಳಗಿನ ಫ್ರಿಜ್ ನಾಲ್ಕು ಗಂಟೆ ಮಾತ್ರ.

ಉಳಿದ ಅನ್ನ, ಬಿರಿಯಾನಿಯ ವಿಷಯದಲ್ಲೂ ಎಚ್ಚರ ಬೇಕು. ಬೇಯಿಸಿದರೂ ಸಾಯದ ಒಂದು ಬಗೆಯ ಬ್ಯಾಕ್ಟೀರಿಯಾ ಅನ್ನದಲ್ಲಿರುತ್ತದೆ. ಅನ್ನವನ್ನು ಗಂಟೆಗಟ್ಟಲೆ ಹೊರಗಿಟ್ಟರೆ ಅದು ವಿಷ ಬಿಡುತ್ತದೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಉಳಿದದ್ದನ್ನು ಎರಡು ಗಂಟೆಯೊಳಗೆ ಅಗಲವಾದ ಪಾತ್ರೆಗೆ ಹಾಕಿ ಫ್ರಿಜ್ಜಿಗೆ ಸೇರಿಸಿ.

ಪಾತ್ರೆ ತೊಳೆಯುವ ಸ್ಪಂಜು ಸದಾ ಒದ್ದೆಯಾಗಿ ಬಿದ್ದಿದ್ದರೆ ಅದೇ ರೋಗಾಣುಗಳ ಗೂಡು. ಹಿಂಡಿ ಒಣಗಲು ಬಿಡಿ, ಎರಡು ವಾರಕ್ಕೊಮ್ಮೆ ಬದಲಿಸಿ. ಸಿಂಕಿನಡಿಯ ರಟ್ಟು ಮತ್ತು ಪ್ಲಾಸ್ಟಿಕ್ ಚೀಲಗಳ ರಾಶಿ ಜಿರಳೆಗಳ ತಾಣ. ಜಿರಳೆಯ ಹಿಕ್ಕೆ ಮತ್ತು ದೇಹದ ಪುಡಿ ಮಕ್ಕಳಲ್ಲಿ ಅಸ್ತಮಾ ಕೆರಳಿಸುತ್ತವೆ. ಔಷಧಿ ಸಿಂಪಡಿಸುವುದಕ್ಕಿಂತ ಮೊದಲು ಆ ರಾಶಿ ತೆಗೆಯಿರಿ, ರಾತ್ರಿ ಎಂಜಲು ಪಾತ್ರೆ ಬಿಡಬೇಡಿ, ತೊಟ್ಟಿಕ್ಕುವ ನಲ್ಲಿ ಸರಿಪಡಿಸಿ. ಅನ್ನ, ನೀರು, ಅಡಗುದಾಣ ಮೂರೂ ಇಲ್ಲದ ಕಡೆ ಜಿರಳೆ ಉಳಿಯದು.

ಔಷಧಿಯ ಡಬ್ಬ, ಬಾಟಲಿಯೊಳಗಿನ ವಿಷ

ಪ್ರತಿ ಮನೆಯಲ್ಲೂ ಒಂದು ಬಿಸ್ಕತ್ತಿನ ಡಬ್ಬದ ತುಂಬ ಅರ್ಧ ಮುಗಿದ ಮಾತ್ರೆಗಳಿರುತ್ತವೆ. ಅದನ್ನು ಮೇಜಿನ ಮೇಲೆ ಸುರಿದು ನೋಡಲು ಇಪ್ಪತ್ತು ನಿಮಿಷ ಸಾಕು. ಅವಧಿ ಮೀರಿದವು, ಹೆಸರು ಹರಿದುಹೋದವು, ಯಾರಿಗಾಗಿ ತಂದದ್ದೆಂದು ಗೊತ್ತಿಲ್ಲದವು ಎಲ್ಲವನ್ನೂ ಬೇರೆ ಮಾಡಿ. ತೆರೆದ ಕಣ್ಣಿನ ಹನಿಯನ್ನು ಸಾಮಾನ್ಯವಾಗಿ ನಾಲ್ಕು ವಾರಗಳ ನಂತರ ಬಳಸಬಾರದು. ಮಕ್ಕಳಿಗೆ ನೀರು ಬೆರೆಸಿ ಕೊಡುವ ಆಂಟಿಬಯೋಟಿಕ್ ಸಿರಪ್, ಬೆರೆಸಿದ ಬಳಿಕ ಲೇಬಲ್ಲಿನಲ್ಲಿ ಹೇಳಿದ ಒಂದೆರಡು ವಾರ ಮಾತ್ರ ಬಾಳುತ್ತದೆ. ಉಳಿದ ಆಂಟಿಬಯೋಟಿಕನ್ನು ‘ಇನ್ನೊಬ್ಬರಿಗೆ ಆದೀತು’ ಎಂದು ಇಡಬೇಡಿ. ಎಸೆಯುವ ಮಾತ್ರೆಗಳನ್ನು ಹಾಳೆಯಿಂದ ತೆಗೆದು, ಬಳಸಿದ ಚಹಾಪುಡಿಯ ಜೊತೆ ಬೆರೆಸಿ, ಗಟ್ಟಿಯಾಗಿ ಕಟ್ಟಿ, ಅಪಾಯಕಾರಿ ಕಸವೆಂದು ಬೇರೆಯಾಗಿ ಕೊಡಿ. ಆಗ ಮಕ್ಕಳ ಅಥವಾ ಹಸು ನಾಯಿಗಳ ಬಾಯಿಗೆ ಹೋಗುವ ಭಯವಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ಬಚ್ಚಲಿನಲ್ಲಿದೆ. ಆ್ಯಸಿಡ್, ಫಿನೈಲ್, ಸೀಮೆಎಣ್ಣೆ, ಥಿನ್ನರ್‌ಗಳನ್ನು ತಂಪು ಪಾನೀಯದ ಅಥವಾ ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡುವ ಅಭ್ಯಾಸ ಇನ್ನೂ ಇದೆ. ಮೂರು ವರ್ಷದ ಮಗುವಿಗೆ ಬಾಟಲಿ ಗೊತ್ತು, ಒಳಗಿರುವುದು ಗೊತ್ತಿಲ್ಲ. ಇಂತಹವನ್ನು ಮೂಲ ಬಾಟಲಿಯಲ್ಲೇ, ಮಗುವಿನ ಕೈಗೆಟುಕದ ಬೀಗದ ಕಪಾಟಿನಲ್ಲಿಡಿ. ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಲು ಹೋಗಬೇಡಿ. ಮೇಲೆ ಬರುವಾಗ ಅದು ಗಂಟಲನ್ನು ಮತ್ತೆ ಸುಡುತ್ತದೆ, ಶ್ವಾಸಕೋಶಕ್ಕೂ ಇಳಿಯಬಹುದು. ಬಾಟಲಿಯ ಸಮೇತ ತಕ್ಷಣ ಆಸ್ಪತ್ರೆಗೆ ಧಾವಿಸಿ.

ಬಹುದಿನದ ಕೊಳೆ ತೆಗೆಯುವ ಹುಮ್ಮಸ್ಸಿನಲ್ಲಿ ಬ್ಲೀಚಿಂಗ್ ಪುಡಿ ಮತ್ತು ಟಾಯ್ಲೆಟ್ ಕ್ಲೀನರ್ ಎರಡನ್ನೂ ಒಟ್ಟಿಗೆ ಸುರಿಯುವವರಿದ್ದಾರೆ. ಟಾಯ್ಲೆಟ್ ಕ್ಲೀನರಿನಲ್ಲಿ ಆಮ್ಲವಿರುತ್ತದೆ. ಅದು ಬ್ಲೀಚಿನ ಜೊತೆ ಸೇರಿದರೆ ಕ್ಲೋರಿನ್ ಅನಿಲ ಹೊರಬರುತ್ತದೆ. ಸಣ್ಣ ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡಿದ್ದರೆ ಕೆಲವೇ ನಿಮಿಷಗಳಲ್ಲಿ ಉಸಿರಾಟಕ್ಕೆ ಕಷ್ಟವಾಗುತ್ತದೆ. ಒಂದು ಸಲಕ್ಕೆ ಒಂದೇ ಕ್ಲೀನರ್, ಬಾಗಿಲು ಕಿಟಕಿ ತೆರೆದು, ಕೈಗೆ ಗ್ಲೌಸ್ ಹಾಕಿ. ಇದು ನೆನಪಿರಲಿ.

ಹಾಸಿಗೆ, ಗೋಡೆ, ನಡೆಯುವ ದಾರಿ

ಮನೆಯ ಧೂಳಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಹುಳಗಳಿರುತ್ತವೆ. ನಮ್ಮ ಚರ್ಮದಿಂದ ಉದುರುವ ಹೊಟ್ಟೇ ಅವುಗಳ ಆಹಾರ. ಹಾಸಿಗೆ, ದಿಂಬು, ಕಾರ್ಪೆಟ್, ದಪ್ಪ ಪರದೆಗಳು ಅವುಗಳ ಮನೆ. ಕರಾವಳಿ ಮಲೆನಾಡಿನ ತೇವದ ಹವೆಯಲ್ಲಿ ಇವು ಇನ್ನೂ ಹೆಚ್ಚುತ್ತವೆ. ಬೆಳಿಗ್ಗೆ ಎದ್ದೊಡನೆ ಸಾಲು ಸೀನು, ಕಣ್ಣು ತುರಿಕೆ, ರಾತ್ರಿ ಕೆಮ್ಮು ಇರುವವರು ವೈದ್ಯರನ್ನು ಕಾಣುವುದರ ಜೊತೆಗೆ ಹಾಸಿಗೆಯತ್ತಲೂ ನೋಡಬೇಕು. ಹೊದಿಕೆ, ದಿಂಬಿನ ಕವರುಗಳನ್ನು ವಾರಕ್ಕೊಮ್ಮೆ ಕೈಗೆ ಸುಡುವಷ್ಟು ಬಿಸಿಯಾದ, ಅಂದರೆ ಸುಮಾರು 60 ಡಿಗ್ರಿಯ ನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಮುಸಲ್ಲಾಗಳಿಗೂ ಇದೇ ಗಮನ ಬೇಕು. ಮುಖ ತಾಗುವ ಬಟ್ಟೆ ತಿಂಗಳುಗಟ್ಟಲೆ ಒಗೆಯದೆ ಉಳಿಯಬಾರದು. ಗಲ್ಫಿನಿಂದ ತಂದ ದಪ್ಪ ಕಂಬಳಿಗಳನ್ನು ಚೆನ್ನಾಗಿ ಒಣಗಿಸದೆ ಮಡಚಿಡಬೇಡಿ.

ಗೋಡೆಯ ಬೂಷ್ಟಿನ ಮೇಲೆ ಬಣ್ಣ ಬಳಿದರೆ ಅದು ಕೆಲವು ವಾರ ಮರೆಯಾಗುತ್ತದೆ ಅಷ್ಟೆ. ಸೋರುವ ಪೈಪು, ಬಿರುಕು ಬಿಟ್ಟ ಟೆರೇಸ್, ಗಾಳಿಯಾಡದ ಕಪಾಟು, ಹೀಗೆ ತೇವ ಎಲ್ಲಿಂದ ಬರುತ್ತಿದೆಯೆಂದು ಹುಡುಕಿ ಮೊದಲು ಅದನ್ನು ಸರಿಪಡಿಸಬೇಕು. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಸರಿಸಿ. ಬೂಷ್ಟನ್ನು ಸೋಪು ನೀರಿನಿಂದ ಉಜ್ಜಿ ಒಣಗಿಸಿ. ಅಸ್ತಮಾ ಇರುವವರಿಗೆ ಈ ಕೆಲಸ ಬೇಡ, ಮಾಡುವವರು ಮಾಸ್ಕ್ ಹಾಕಿಕೊಳ್ಳಲಿ.

ಹಿರಿಯರಿರುವ ಮನೆಗಳಲ್ಲಿ ಅವರ ಮಂಚದಿಂದ ಬಾತ್‌ರೂಮಿನವರೆಗಿನ ದಾರಿಯನ್ನು ರಾತ್ರಿ ಒಮ್ಮೆ ನಡೆದು ನೋಡಿ. ಜಾರುವ ಕಾಲೊರಸು, ನೆಲದ ಮೇಲಿನ ವಯರು, ಬಾಗಿಲ ಬಳಿಯ ಚಪ್ಪಲಿ ರಾಶಿ, ವುಝೂ ಮಾಡುವಲ್ಲಿ ಪಾಚಿ ಕಟ್ಟಿದ ನೆಲ, ಉರಿಯದ ಬಲ್ಬು. ತಹಜ್ಜುದ್‌ಗೆ ಅಥವಾ ಸುಬ್ಹ್‌ಗೆ ಏಳುವ ಅಜ್ಜ, ಅಜ್ಜಿ ಎಡವುವುದು ಇಲ್ಲಿಯೇ. ಈ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಮತ್ತೆ ಮೊದಲಿನಂತೆ ನಡೆಯಲು ಎಲ್ಲರಿಗೂ ಆಗುವುದಿಲ್ಲ. ಆ ದಾರಿಯನ್ನು ತೆರವು ಮಾಡಲು ಹಣ ಬೇಕಾಗಿಲ್ಲ.

ಅಟ್ಟ ಮತ್ತು ಗುಜರಿ

ಅಪಾಯದ ಕೆಲಸಗಳೆಲ್ಲ ಮುಗಿದ ಮೇಲೆ ಅಟ್ಟಕ್ಕೆ ಬನ್ನಿ. ಇಲಿ ಓಡಾಡುವ ಜಾಗವಾದರೆ ಒಣ ಪೊರಕೆ ಹಾಕಿ ಧೂಳೆಬ್ಬಿಸಬೇಡಿ. ಹಿಕ್ಕೆಯ ಮೇಲೆ ಬ್ಲೀಚಿಂಗ್ ನೀರು ಚಿಮುಕಿಸಿ, ನೆನೆದ ಮೇಲೆ ಗ್ಲೌಸ್ ಹಾಕಿ ಒರೆಸಿ ತೆಗೆಯಿರಿ. ಇಲಿಯ ಮೂತ್ರ ಸೇರಿದ ನೀರು ಅಥವಾ ಕೆಸರು ಗಾಯಕ್ಕೆ ತಾಗಿದರೆ ಇಲಿಜ್ವರ ಬರಬಹುದು. ಮಳೆಗಾಲದಲ್ಲಿ ಹಿತ್ತಿಲು ಸ್ವಚ್ಛ ಮಾಡುವಾಗ ಚಪ್ಪಲಿ ಅಥವಾ ಬೂಟು ಇಲ್ಲದೆ ಇಳಿಯಬಾರದೆನ್ನುವುದು ಇದಕ್ಕೇ.

ವಸ್ತುಗಳನ್ನು ಬೇರ್ಪಡಿಸಲು ಮೂರು ಚೀಲ ಸಾಕು: ಇಡುವುದು, ಕೊಡುವುದು, ಎಸೆಯುವುದು. ‘ಆಮೇಲೆ ನೋಡೋಣ’ ಎಂಬ ನಾಲ್ಕನೆಯ ಚೀಲ ಬೇಡ. ಒಂದು ವರ್ಷದಲ್ಲಿ ಒಮ್ಮೆಯೂ ಬಳಸಿಲ್ಲವೇ? ಮುರಿದು ಆರು ತಿಂಗಳಾದರೂ ರಿಪೇರಿಗೆ ಕೊಟ್ಟಿಲ್ಲವೇ? ಹಾಗಾದರೆ ಅದು ನಿಮಗೆ ಬೇಕಾಗಿಲ್ಲ. ವರ್ಷಕ್ಕೆ ಎರಡೇ ಸಲ ಬೇಕಾಗುವ ದೊಡ್ಡ ಬಿರಿಯಾನಿ ಪಾತ್ರೆಯನ್ನು ನಾಲ್ಕು ಮನೆಯವರು ಹಂಚಿಕೊಂಡು ಬಳಸಬಹುದು.

ಕೊಡುವುದರಲ್ಲೂ ಒಂದು ಮರ್ಯಾದೆ ಇದೆ. ಹರಿದ, ಕಲೆಯಾದ ಬಟ್ಟೆ ಬಡವರಿಗೂ ಬೇಡ, ಅದನ್ನು ನೆಲ ಒರೆಸಲು ಬಳಸಿ. ಕೊಡುವುದಾದರೆ ಒಗೆದು, ಇಸ್ತ್ರಿ ಹಾಕಿ, ಗುಂಡಿ ಹೊಲಿದು ಕೊಡಿ. ಕೆಟ್ಟ ಮೊಬೈಲ್, ಬ್ಯಾಟರಿ, ಟ್ಯೂಬ್‌ಲೈಟ್‌ಗಳು ಹಸಿ ಕಸದ ಜೊತೆ ಹೋಗಬಾರದು. ಟ್ಯೂಬ್‌ಲೈಟಿನೊಳಗೆ ಪಾದರಸವಿದೆ, ಒಡೆಯದೆ ಬೇರೆಯಾಗಿ ಕೊಡಿ. ಪ್ಲಾಸ್ಟಿಕ್ ಮತ್ತು ವಯರುಗಳನ್ನು ಹಿತ್ತಿಲಲ್ಲಿ ಸುಡುವುದರಿಂದ ಕಸ ಕರಗುವುದಿಲ್ಲ, ವಿಷದ ಹೊಗೆಯಾಗಿ ಮನೆಯೊಳಗೇ ಬರುತ್ತದೆ.

ಇದು ಯಾರ ಕೆಲಸ?

ಮನೆಯಲ್ಲಿ ಆರು ಮಂದಿ ಇದ್ದು, ಬಾಕಿ ಕೆಲಸ ಒಬ್ಬರ ತಲೆಯ ಮೇಲೆ ಮಾತ್ರ ಇದ್ದರೆ ಯಾವ ಯೋಜನೆಯೂ ನಡೆಯದು. ಟ್ಯಾಂಕ್, ಟೆರೇಸ್, ಗ್ಯಾಸ್ ಪೈಪು, ಬಲ್ಬು, ಅಟ್ಟ ಇವು ಗಂಡಸರ ಪಾಲಿಗಿರಲಿ. ಹದಿಹರೆಯದ ಗಂಡು ಮಕ್ಕಳು ತಮ್ಮ ಹಾಸಿಗೆ, ತಮ್ಮ ತಟ್ಟೆ, ತಮ್ಮ ಬಾತ್‌ರೂಮನ್ನು ತಾವೇ ನೋಡಿಕೊಳ್ಳಲಿ. ಐದು ವರ್ಷದ ಮಗು ಚಪ್ಪಲಿ ಜೋಡಿಸಬಲ್ಲದು, ಹೂಕುಂಡದ ತಟ್ಟೆಯ ನೀರು ಚೆಲ್ಲಬಲ್ಲದು. ‘ಸಹಾಯ ಮಾಡುತ್ತೇನೆ’ ಎನ್ನುವುದಕ್ಕೂ ‘ಇದು ನನ್ನ ಕೆಲಸ’ ಎನ್ನುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಪ್ರತಿ ಸಲ ಹೇಳಿಸುವ ಹೊರೆ ಆಕೆಯ ಮೇಲೆಯೇ ಉಳಿಯುತ್ತದೆ.

ಕೆಲವೊಮ್ಮೆ ಬಾಕಿ ಕೆಲಸವೇ ಕಾಯಿಲೆಯ ಗುರುತಾಗಿರುತ್ತದೆ. ಅಚ್ಚುಕಟ್ಟಾಗಿದ್ದ ಮಹಿಳೆ ಹೆರಿಗೆಯ ನಂತರ, ಆಪ್ತರ ಮರಣದ ನಂತರ ಅಥವಾ ಯಾವ ಕಾರಣವೂ ಕಾಣದೆ ಮನೆಯತ್ತ ಗಮನ ಕೊಡದಿದ್ದರೆ ಟೀಕಿಸುವ ಮೊದಲು ಆಕೆಯ ಆರೋಗ್ಯ ವಿಚಾರಿಸಿ. ನಮ್ಮ ರಾಜ್ಯದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಹಿಳೆಯರಿಗೆ ರಕ್ತಹೀನತೆಯಿದೆ. ರಕ್ತಹೀನತೆ ಮತ್ತು ಥೈರಾಯ್ಡ್ ಕೊರತೆ ಎರಡರಲ್ಲೂ ಮೈ ಎತ್ತಲಾಗದಷ್ಟು ಸುಸ್ತಾಗುತ್ತದೆ, ಸರಳ ರಕ್ತಪರೀಕ್ಷೆಯಿಂದ ಅವು ತಿಳಿಯುತ್ತವೆ. ಎರಡು ವಾರಕ್ಕಿಂತ ಹೆಚ್ಚು ಕಾಲ ಬೇಸರ, ನಿದ್ದೆಯಿಲ್ಲದಿರುವುದು, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು ಕಂಡರೆ ಅದು ಖಿನ್ನತೆಯಿರಬಹುದು. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ನಾಲ್ಕು ವಾರಗಳ ಕ್ರಮ

ಮೊದಲ ವಾರ: ಗ್ಯಾಸ್ ಪೈಪು, ಔಷಧಿ ಡಬ್ಬ, ಆ್ಯಸಿಡ್ ಮತ್ತು ಸೀಮೆಎಣ್ಣೆಯ ಬಾಟಲಿ, ನಿಂತ ನೀರು.

ಎರಡನೆಯ ವಾರ: ಫ್ರಿಜ್, ಫ್ರೀಝರ್, ಸಿಂಕಿನ ಅಡಿ, ಹಿರಿಯರು ನಡೆಯುವ ದಾರಿ.

ಮೂರನೆಯ ವಾರ: ಹಾಸಿಗೆ, ದಿಂಬು, ಮುಸಲ್ಲಾ, ಪರದೆ, ತೇವದ ಗೋಡೆ.

ನಾಲ್ಕನೆಯ ವಾರ: ಒಂದು ಕಪಾಟು ಅಥವಾ ಅಟ್ಟದ ಒಂದು ಮೂಲೆ. ಉಳಿದದ್ದು ಮುಂದಿನ ತಿಂಗಳಿಗೆ.

ದಿನಕ್ಕೆ ಅರ್ಧ ಗಂಟೆಯಂತೆ, ಒಬ್ಬರಿಗಿಂತ ಹೆಚ್ಚು ಕೈ ಸೇರಿದರೆ ಒಂದು ತಿಂಗಳಲ್ಲಿ ಮನೆಯ ಅಪಾಯದ ಮೂಲೆಗಳೆಲ್ಲ ಮುಗಿಯುತ್ತವೆ. ಆಮೇಲೆ ಉಳಿಯುವುದು ವಾರಕ್ಕೊಮ್ಮೆ ನೀರು ಚೆಲ್ಲುವುದು ಮತ್ತು ಹೊದಿಕೆ ಒಗೆಯುವುದು. ಶೋಕೇಸಿನ ಗಾಜು ಸ್ವಲ್ಪ ಮಸುಕಾಗಿಯೇ ಇರಲಿ, ಅದರಿಂದ ಯಾರೂ ಆಸ್ಪತ್ರೆ ಸೇರುವುದಿಲ್ಲ. ಇವತ್ತು ಸಂಜೆಯೇ ಫ್ರಿಜ್ಜಿನ ಹಿಂದೊಮ್ಮೆ ಟಾರ್ಚ್ ಹಾಕಿ ನೋಡಿ.